ಮಾತಿನ ಕಾಸು

ಊರಿಗೆ ಬಂದವರಿಗೆ ಊಟ ಹಾಕುವುದು ನನ್ನ ಕಸುಬು. ಯಾಕೆ ಬಂದಿರಿ ಎಂದು ಕೇಳುವುದು ನನ್ನ ಚಾಳಿ. ಆ ಶುಕ್ರವಾರ ಸಂಜೆ ಚೀಲ ಹೊತ್ತು ಖಾನಾವಳಿಯ ಬಾಗಿಲಲ್ಲಿ ನಿಂತವನನ್ನೂ ಕೇಳಿದೆ. "ಹಳೇ ಕಾಸು ಹುಡುಕಾಕ ಬಂದೀನ್ರಿ ಅಕ್ಕಾರ," ಎಂದ. ಹಂಚಿನ ಮೇಲೆ ಬೀಳಬೇಕಾದ ರೊಟ್ಟಿ ನನ್ನ ಕೈತಪ್ಪಿ ಬೂದಿಯಲ್ಲಿ ಬಿತ್ತು.

ಹೆಸರು ಉಳ್ಳಾಗಡ್ಡಿ ಅಂದ. ಮುಖವೂ ಹೆಸರಿಗೆ ತಕ್ಕಂತೆ ದುಂಡಗೆ, ಕೆಂಪಗೆ ಇತ್ತು. ವಾರವೆಲ್ಲ ದೂರದ ಯಾವುದೋ ಕಚೇರಿಯಲ್ಲಿ ಕುರ್ಚಿ ಸವೆಸುತ್ತಾನಂತೆ; ಶನಿವಾರ, ಭಾನುವಾರ ಬಂತೆಂದರೆ ಕಾಲಿಗೆ ಚಕ್ರ ಕಟ್ಟಿಕೊಂಡು ಊರೂರು ಅಲೆಯುತ್ತಾನಂತೆ. ಹೆಂಡತಿ ಮೊದಮೊದಲು ಜಗಳ ತೆಗೆದು, ಈಗ ಸೋತು ಬುತ್ತಿ ಕಟ್ಟಿ ಕಳಿಸುತ್ತಾಳಂತೆ. ಚೀಲ ಬಿಚ್ಚಿ ಒಂದು ಕೋಲು ತೆಗೆದ. ಅದರ ತುದಿಗೆ ಊಟದ ತಾಟಿನಷ್ಟು ಅಗಲದ ಬಿಲ್ಲೆ, ಹಿಡಿಕೆಯ ಹತ್ತಿರ ಒಂದು ಡಬ್ಬಿ. ನೆಲದಿಂದ ತುಸು ಮೇಲೆ ಆಡಿಸಿದರೆ, ಕೆಳಗೆ ಲೋಹವಿದ್ದ ಕಡೆ ಕುಂಯ್ ಎಂದು ಕೂಗುತ್ತದೆ. ತೋರಿಸಲೆಂದು ನಮ್ಮ ಪಡಸಾಲೆಯಲ್ಲೇ ಆಡಿಸಿದ. ನಮ್ಮ ಅತ್ತೆ ಸಾತವ್ವನ ಎಲೆ ಅಡಕೆ ಡಬ್ಬಿಯ ಮೇಲೆ ಕೂಗಿತು, ನನ್ನ ಇಕ್ಕಳದ ಮೇಲೆ ಕೂಗಿತು. ಊಟಕ್ಕೆ ಬಂದಿದ್ದವರೆಲ್ಲ ತುತ್ತು ಬಾಯಲ್ಲಿಟ್ಟುಕೊಂಡೇ ನೋಡಿದರು. ಯಾರ ಮುಖದಲ್ಲೂ ರಕ್ತವಿರಲಿಲ್ಲ.

"ಎಷ್ಟು ಆಳದಾಗಿದ್ರ ಕೂಗ್ತೈತಪಾ ಇದು?" ಎಂದು ಅತ್ತೆ ಕೇಳಿದಳು. "ಒಂದು ಗೇಣು ಆಳದಾಗಿದ್ರೂ ಕೂಗ್ತೈತ್ರಿ ಅಜ್ಜಿ." "ಕಲ್ಲಿನ ಕೆಳಗಿದ್ರ?" "ಕಲ್ಲಿದ್ರೇನು, ಮಣ್ಣಿದ್ರೇನು, ಅದಕ್ಕೇನು ಗೊತ್ತಾಗ್ತೈತ್ರಿ!" ಅತ್ತೆ ಅಡಕೆ ಕತ್ತರಿಸುತ್ತ ಕೂತಳು.

ನಮ್ಮ ನೆಲದಲ್ಲಿ ಕಾಸು ಯಾಕಿರುತ್ತದೆ ಎಂದು ಹೊರಗಿನವರಿಗೆ ನಾವು ಹೇಳುವುದಿಲ್ಲ. ಇಲ್ಲಿ ಮಾತು ಕೊಡುವವರು ಮಾತಿನ ಜೊತೆ ಒಂದು ಕಾಸನ್ನೂ ಕೊಡಬೇಕು. ಪಡೆದವರು ಅದನ್ನು ಒಯ್ದು ತಮಗೆ ತಿಳಿದ ಕಡೆ ಹೂಳುತ್ತಾರೆ. ಕೊಟ್ಟವರು ಆಗ ಬೆನ್ನು ತಿರುಗಿಸಿ ನಿಲ್ಲಬೇಕು. ಕಾಸು ಮಣ್ಣಿನಲ್ಲಿರುವ ತನಕ ಮಾತು ಮುರಿಯಲು ಬರುವುದಿಲ್ಲ. ಮನಸ್ಸು ಒಪ್ಪಿದರೂ ಮೈ ಒಪ್ಪುವುದಿಲ್ಲ. ಕುಡಿಯುವುದಿಲ್ಲ ಎಂದವನ ಕೈ ಲೋಟದ ಹತ್ತಿರ ಹೋಗಿ ಮರಗಟ್ಟುತ್ತದೆ. ಬೈಯುವುದಿಲ್ಲ ಎಂದವಳ ನಾಲಗೆ ಬೈಗುಳದ ಮೊದಲ ಅಕ್ಷರಕ್ಕೇ ಒಣಗುತ್ತದೆ. ಪಡೆದವರು ಸತ್ತರೂ ಅಷ್ಟೇ, ನೆಲಕ್ಕೇನು ಸಾವಿದೆಯೇ? ಇನ್ನು ಊರವರು ಗುದ್ದಲಿ ಹಿಡಿದು ಅಗೆದರೆ ಬರಿ ಮಣ್ಣು ಬರುತ್ತದೆ, ಕಾಸು ಬರುವುದಿಲ್ಲ. ಆ ಕಾಸನ್ನು ಮೇಲೆತ್ತಲು ಹೊರಗಿನವನ ಕೈಯೇ ಬೇಕು. ಹೊರಗಿನವನು ಇಲ್ಲಿಗೆ ಯಾಕೆ ಬಂದು ಅಗೆದಾನು ಎಂದು ನಮ್ಮ ಹಿರಿಯರು ನಿಶ್ಚಿಂತೆಯಾಗಿದ್ದರು. ಕುರ್ಚಿ ಸವೆಸುವವರಿಗೂ ಇಂಥ ಹುಚ್ಚು ಹತ್ತುತ್ತದೆ ಎಂದು ಪಾಪ ಅವರಿಗೇನು ಗೊತ್ತು!

ನಾನು ಮಾತು ಕೊಟ್ಟದ್ದು ನನ್ನ ಗಂಡ ತೀರಿಕೊಂಡ ವರ್ಷ. ಮಗಳು ಅನಸೂಯಾ ಆಗಿನ್ನೂ ಮೊಲೆ ಬಿಟ್ಟಿರಲಿಲ್ಲ. ತವರಿನಿಂದ ಅಣ್ಣ ಕರೆಯಲು ಬರುವವನಿದ್ದ. ಅವನು ಬರುವ ಮುಂಚೆಯೇ ಅತ್ತೆ ನನ್ನನ್ನು ಒಲೆಯ ಮುಂದೆ ಕೂರಿಸಿ, "ಈ ಒಲಿ ಬಿಟ್ಟು ಊರು ದಾಟೂದಿಲ್ಲ ಅಂತ ಮಾತು ಕೊಡು, ನೀಲಾ," ಎಂದಳು. ಮಗ ಸತ್ತ ಮುದುಕಿಯ ಮುಖ ನೋಡಿ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಒಂದು ರೂಪಾಯಿ ಅವಳ ಕೈಗಿಟ್ಟು ಗೋಡೆಗೆ ಮುಖ ಮಾಡಿ ನಿಂತೆ. ಅವಳು ಹೊರಗೆ ಹೋದವಳು ಬಹಳ ಹೊತ್ತಿನ ಮೇಲೆ ಬಂದಳು. ಮುಂದಿನ ಪಂಚಮಿಗೆ ಆಸೆ ತಡೆಯದೆ ತವರಿಗೆ ಹೊರಟೆ. ಹಳ್ಳದ ಸೇತುವೆಯ ನಟ್ಟನಡುವೆ ಒಂದು ನಡುಗಲ್ಲಿದೆ. ಅಲ್ಲಿಗೆ ಬರುತ್ತಲೇ ನನ್ನ ಎಡಗಾಲು ನೆಲಕ್ಕೆ ಮೊಳೆ ಹೊಡೆದಂತೆ ನಿಂತಿತು. ಅಂದಿನಿಂದ ಆ ಕಲ್ಲಿನ ಆಚೆ ನಾನು ಹೆಜ್ಜೆ ಇಟ್ಟಿಲ್ಲ.

ಬಸ್ಸು ಕೂಡ ನಮ್ಮ ದಂಡೆಗೆ ಬರುವುದಿಲ್ಲ. ಹಿಂದೆ ಬರುತ್ತಿತ್ತಂತೆ, ಊರು ಬಿಡುವುದಿಲ್ಲವೆಂದು ಮಾತು ಕೊಟ್ಟ ಒಬ್ಬನನ್ನು ಹತ್ತಿಸಿಕೊಂಡು ಹೊರಟು ನಡುಗಲ್ಲಿನ ಮೇಲೆ ನಿಂತುಬಿಟ್ಟಿತಂತೆ, ಅವನನ್ನು ಇಳಿಸುವ ತನಕ ಇಂಜಿನ್ನೇ ಹತ್ತಲಿಲ್ಲವಂತೆ. ಆಮೇಲೆ ಆಚೆ ದಂಡೆಯಲ್ಲೇ ನಿಂತು ಹಾರ್ನ್ ಹೊಡೆದು ಹೋಗುತ್ತದೆ. ಅನಸೂಯಾಳನ್ನು ಮದುವೆ ಮಾಡಿ ಅದೇ ಬಸ್ಸಿಗೆ ಹತ್ತಿಸಿದ್ದೆ. ನಾನು ಈಚೆ ನಿಂತು ಕೈ ಬೀಸಿದ್ದೆ. ಮಗಳ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ನನಗೆ ಗೊತ್ತಿರಲಿಲ್ಲ. ಈಗ ಅವಳ ಚೊಚ್ಚಲ ಬಸಿರು ತುಂಬಿತ್ತು. ತವರಿಗೆ ಕರೆಸಿ ಬಾಣಂತನ ಮಾಡೋಣವೆಂದರೆ ರಕ್ತದೊತ್ತಡ ಏರಿದೆ, ಹಾಸಿಗೆಯಿಂದ ಏಳಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಅವಳ ಅತ್ತೆ ಎಂದೋ ತೀರಿಕೊಂಡಿದ್ದಳು; ಮನೆಯಲ್ಲಿ ಹೆಣ್ಣುದಿಕ್ಕಿಲ್ಲ. ದಿನಾ ಫೋನಿನಲ್ಲಿ, "ಅವ್ವಾ, ನೀ ಹ್ಯಾಂಗರ ಮಾಡಿ ಬಾ," ಎನ್ನುತ್ತಿದ್ದಳು. ಹೇಗೆ ಬರಲಿ? ಕುಂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ನಾನು ಒಲೆಗೂ ಬಾಗಿಲಿಗೂ ಅಡ್ಡಾಡುತ್ತಿದ್ದೆ. ಅಂಥ ಹೊತ್ತಿಗೆ ಈ ಉಳ್ಳಾಗಡ್ಡಿ ಬಂದ.

ಗಾಳಿ ಬಂದಾಗ ತೂರಿಕೊಳ್ಳಬೇಕು. ಶನಿವಾರ ಬೆಳಕು ಹರಿಯುತ್ತಲೇ ಬಿಸಿ ರೊಟ್ಟಿ, ಹಿಟ್ಟಿನ ಪಲ್ಯ ಕಟ್ಟಿಕೊಂಡು ಅವನ ಮುಂದೆ ನಿಂತೆ. "ತಮ್ಮಾ, ನಡೀರಿ, ನಾ ತೋರಸ್ತೀನಿ. ಕೆರಿ ಏರಿ ಹಿಂದಿನ ಬಯಲಿನ್ಯಾಗ ಹಳೇ ಕಾಸು ರಗಡ ಅದಾವು," ಎಂದೆ. ಅವನಿಗೆ ಖುಷಿಯೋ ಖುಷಿ. "ಎಲ್ಲಾ ಊರಾಗೂ ಮಂದಿ ಕಳ್ಳನ್ನ ನೋಡಿದಂಗ ನೋಡ್ತಾರ್ರಿ ಅಕ್ಕಾರ. ನೀವು ನೋಡ್ರಿ, ಬುತ್ತಿ ಕಟ್ಟಿಕೊಂಡು ಬಂದೀರಿ!" ಎಂದ. ನಾನು ಮಾತು ಬದಲಿಸಿದೆ. ನನ್ನದು ಸಿಗಬೇಕಾದರೆ ಮಂದಿಯದೂ ಮೇಲೆ ಬರುತ್ತದೆ, ಯಾರ ಯಾರ ಮನೆಯಲ್ಲಿ ಏನೇನು ಆಗುತ್ತದೋ ಎಂದು ಯೋಚಿಸಲಿಲ್ಲವೇ ಎಂದರೆ, ಯೋಚಿಸಿದೆ. ಆಗಲಿ ಎಂದುಕೊಂಡೆ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿರುವಾಗ ಮಂದಿಯ ಛಾವಣಿಗೆ ನೀರು ಹೊರಲೇ?

ಏರಿಯ ಹಿಂದೆ ಕೋಲು ಮೊದಲ ಸಲ ಕೂಗಿತು. ಉಳ್ಳಾಗಡ್ಡಿ ಮೊಣಕಾಲೂರಿ, ಪುಟ್ಟ ಕರಣಿಯಿಂದ ಮೆಲ್ಲಗೆ ಮಣ್ಣು ಬಿಡಿಸಿ, ಹಸಿರುಗಟ್ಟಿದ ಒಂದು ಕಾಸು ಎತ್ತಿದ. ಅದು ಎಂಥ ಕಾಸು, ಯಾವ ಕಾಲದ್ದು ಎಂದು ಅವನು ಹೇಳತೊಡಗಿದ್ದ. ನನ್ನ ರೂಪಾಯಿ ಹೌದೋ ಅಲ್ಲವೋ ನೋಡಲು, ಅವನ ಮಾತು ಕೇಳಲು ನಾನು ಅಲ್ಲಿದ್ದರೆ ತಾನೆ! ಸೆರಗು ಸೊಂಟಕ್ಕೆ ಸಿಕ್ಕಿಸಿ ಸೇತುವೆಗೆ ಓಡಿದೆ. ಸೇತುವೆಯ ಬಾಯಲ್ಲಿ ಹುಸೇನಸಾಬ ಸೌತೆಕಾಯಿ ಗುಡ್ಡೆ ಹಾಕಿಕೊಂಡು ಕೂತಿರುತ್ತಾನೆ. "ಏನ ನೀಲಕ್ಕ, ಯಾರರ ಬೆನ್ನ ಹತ್ಯಾರೇನು?" ಎಂದ. ಓಡುತ್ತಲೇ ಹೋದೆ. ನಡುಗಲ್ಲಿನಲ್ಲಿ ಎಡಗಾಲು ನಿಂತಿತು. ತಿರುಗಿ ಬಂದೆ.

ಯಾರದು ಬಿಟ್ಟಿತು ಎಂದು ಊರಿಗೆ ಬೇಗ ತಿಳಿಯಿತು. ಶಾಲೆಯ ಗೋಣಿ ಮಾಸ್ತರ ಹಾಡುವುದಿಲ್ಲ ಎಂದು ತನ್ನ ಅಪ್ಪನಿಗೆ ಹುಡುಗನಿದ್ದಾಗಲೇ ಮಾತು ಕೊಟ್ಟಿದ್ದ. ಹಾಲಿನ ಡೇರಿಯ ಮುಂದೆ ಚೊಂಬು ಹಿಡಿದು ನಿಂತವನ ಗಂಟಲಿನಿಂದ ಇದ್ದಕ್ಕಿದ್ದಂತೆ ರಾಗ ಹೊರಟಿತಂತೆ. ರಾಗವೇನು, ಅಪಸ್ವರವೇ ಅಂತೆ. ಆದರೂ ಮಾಸ್ತರ ನಿಲ್ಲಿಸಲಾರದೆ ಅಳುತ್ತ ಹಾಡಿದನಂತೆ, ಮಂದಿಯ ಹಾಲು ಕಾಯದೆ ಒಡೆಯಿತಂತೆ.

ಅಷ್ಟಾದ ಮೇಲೆ ಕೇಳಬೇಕೇ? ಅರ್ಧ ಊರು ಬಯಲಿಗೆ ಬಂತು. ಮಾತು ಕೊಟ್ಟವರೆಲ್ಲ ಉಳ್ಳಾಗಡ್ಡಿಯ ಹಿಂದೆ, ಪಡೆದವರೆಲ್ಲ ಅವನ ಮುಂದೆ. ಪಡೆದವರು ತಾವು ಹೂತ ಜಾಗದ ಮೇಲೆ ಹೋಗಿ ಕಾವು ಕೂತ ಕೋಳಿಯ ಹಾಗೆ ಕೂತುಬಿಟ್ಟರು. ಪಿಳಿಪಿಳಿ ನೋಡುತ್ತಾರೆ, ಏಳುವುದಿಲ್ಲ. ಎಲ್ಲಿ ಕೂತರೋ ಅಲ್ಲಿ ಕಾಸಿದೆ ಎಂದು ತಾವೇ ಸಾರಿದಂತಾಯಿತಲ್ಲ ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ! ಚಹಾದಂಗಡಿಯ ಫಕೀರವ್ವ ಒಂದು ಜಾಲಿ ಬೊಡ್ಡೆಯ ಪಕ್ಕ ಕಾಲು ಚಾಚಿ ಕೂತಿದ್ದಳು. ಅವಳ ಗಂಡ ಮುದಕಪ್ಪ ಕುಡಿಯುವುದಿಲ್ಲವೆಂದು ಮಾತು ಕೊಟ್ಟು ಬಹಳ ವರ್ಷವಾಗಿತ್ತು. ಅವನು ಮೆಲ್ಲಗೆ ಉಳ್ಳಾಗಡ್ಡಿಯ ಅಂಗಿ ಜಗ್ಗಿ, "ಸಾಹೇಬ್ರ, ಆ ಹೆಣಮಗಳು ಕೂತಾಳಲ್ಲ, ಆಕಿ ಎದ್ದಮ್ಯಾಲೆ ಅಲ್ಲಿ ನೋಡ್ರಿ," ಎಂದ. ಉಳ್ಳಾಗಡ್ಡಿ ಕಣ್ಣರಳಿಸಿ ನನ್ನನ್ನು ಕೇಳಿದ: "ಅಕ್ಕಾರ, ನಿಮ್ಮೂರ ಮಂದಿಗೆ ಕಾಸಿನ ಮ್ಯಾಲೆ ಇಷ್ಟು ಆಸಕ್ತಿ ಐತಿ ಅಂತ ಗೊತ್ತಿರಲಿಲ್ಲ ನೋಡ್ರಿ. ನಮ್ಮ ಕಡೆ ಯಾರೂ ಹೊಳ್ಳಿ ಸೈತ ನೋಡೂದಿಲ್ಲ."

ಬಿಸಿಲೇರಿದಾಗ ಫಕೀರವ್ವನಿಗೆ ಅಂಗಡಿಯ ಹಾಲು ಉಕ್ಕೀತೆಂಬ ನೆನಪಾಗಿ ಎದ್ದಳು. ಅವಳು ಏರಿ ಇಳಿಯುವುದರೊಳಗೆ ಕೋಲು ಜಾಲಿ ಬೊಡ್ಡೆಯ ಬಳಿ ಕೂಗಿತು. ಕಾಸು ಕಂಡೊಡನೆ ನಾನು ಸೇತುವೆಗೆ ಓಡಿದೆ, ಮುದಕಪ್ಪ ಸಾರಾಯಿ ಅಂಗಡಿಗೆ ಓಡಿದ. ಅವನ ಕೈ ಲೋಟ ಹಿಡಿಯಿತು; ನನ್ನ ಕಾಲು ಕಲ್ಲಿಗೆ ಹಿಡಿಯಿತು. ಆ ದಿನ ಕೋಲು ಕೂಗಿದಾಗಲೆಲ್ಲ ನಾನು ಓಡಿದೆ. ಹುಸೇನಸಾಬ ಮೊದಲು ನಕ್ಕ, ಆಮೇಲೆ ನಗುವುದು ಬಿಟ್ಟ. ಕೊನೆಗೆ ನಾನು ಬರುವುದು ಕಂಡರೆ ಸೌತೆಕಾಯಿ ಹೆಚ್ಚಿ ಉಪ್ಪು ಖಾರ ಸವರಿ ಇಟ್ಟಿರುತ್ತಿದ್ದ. "ತಿನ್ನಕ್ಕ, ಬಿಸಲಾಗ ಬಿದ್ದು ಸತ್ತಗಿತ್ತೀಯ. ಮಗಳಿಗೆ ತಾಯಿ ಬೇಕಲ್ಲ," ಎಂದ. ಹೋಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮತ್ತೆ ಬಯಲಿಗೆ ತಿರುಗಿದೆ.

ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಫಕೀರವ್ವ ಒಳಗೆ ನುಗ್ಗಿದಳು. ಹಿಂದೆ ಅವಳ ಗಂಡ ಓಣಿಯಲ್ಲಿ ಹೊಯ್ದಾಡುತ್ತ ಯಾರಿಗೋ ಕೈ ಮುಗಿಯುತ್ತಿದ್ದ. "ನಿನ್ನ ಕಾಲು ಬಿಡ್ಲಿ ಅಂತ ನನ್ನ ಮನಿ ಮುರದೇನ ನೀಲವ್ವ? ನಾ ಏನ್ ಮಾಡಿದ್ದೆ ನಿನಗ?" ಎಂದು ಎದೆ ಬಡಿದುಕೊಂಡಳು. ಬೈಗುಳ ನನ್ನ ಬಾಯಲ್ಲೂ ಬೇಕಾದಷ್ಟಿತ್ತು, ಆದರೆ ಅವಳ ಮುಖ ನೋಡಿ ಒಂದೂ ಹೊರಗೆ ಬರಲಿಲ್ಲ. "ನನ್ನ ಮಗಳು ಹಾಸಿಗಿ ಹಿಡದಾಳ ಫಕೀರವ್ವ," ಎಂದೆನಷ್ಟೆ. ಅವಳು ಗಕ್ಕನೆ ನಿಂತಳು. ಸೆರಗಿನಿಂದ ಮೂಗೊರೆಸಿಕೊಂಡು, "ಹೌದವ್ವ, ನಿನ್ನ ಸಂಕಟ ನಿನಗ, ನನ್ನ ಸಂಕಟ ನನಗ," ಎಂದು ಹೊರಗೆ ಹೋಗಿ ಗಂಡನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಅದೇ ಸಂಜೆ ಊರ ಹಿರಿಯರು ಖಾನಾವಳಿಗೆ ಬಂದು ಉಳ್ಳಾಗಡ್ಡಿಯ ಮುಂದೆ ಕೂತರು. ಕಾರಣವೇನೂ ಹೇಳಲಿಲ್ಲ. "ಸಾಹೇಬ್ರ, ನಾಳಿ ಮಧ್ಯಾಹ್ನದ ಬಸ್ಸಿಗೆ ನೀವು ಹೊಂಡಬೇಕು. ಇನ್ನ ಬಯಲಿಗೆ ಕೋಲು ಹಚ್ಚಬ್ಯಾಡ್ರಿ," ಎಂದರು. ಅವನ ಮುಖ ಬಾಡಿತು. "ಮತ್ತ ಯಾರದರ ಸ್ವಂತ ಜಾಗಾದಾಗ?" ಎಂದು ಕೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಅದು ಆಯಾ ಮನಿಯವರಿಗೆ ಬಿಟ್ಟದ್ದು," ಎಂದು ಎದ್ದರು. ಅವರು ಹೊಸಿಲು ದಾಟುವ ಮುಂಚೆಯೇ ನಾನು, "ನಮ್ಮ ಹಿತ್ತಲ ನಮ್ಮದು," ಎಂದು ಗಟ್ಟಿಯಾಗಿ ಹೇಳಿದೆ. ಅತ್ತೆ ಮೂಲೆಯಲ್ಲಿ ಕೌದಿ ಹೊದ್ದು ಕೂತಿದ್ದಳು. ನಾನು ಅವಳ ಮುಂದೆ ಹೋಗಿ ನಿಂತೆ. "ಅತ್ತಿ, ಇನ್ನರ ಹೇಳು. ಎಲ್ಲಿ ಹೂಳಿದಿ?" "ನೆನಪಿಲ್ಲ," ಎಂದಳು. ಯಾರು ಎಂದೋ ತಿಂದುಹೋದ ರೊಟ್ಟಿಯ ಲೆಕ್ಕ ನೆನಪಿರುವ ಮುದುಕಿಗೆ ಇದು ನೆನಪಿಲ್ಲವಂತೆ! "ನಿನಗ ಮೊಮ್ಮಗಳಲ್ಲೇನ ಆಕಿ?" ಎಂದು ಕೂಗಿದೆ. ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದಳು. ಅವಳನ್ನು ಹಿಡಿದು ಅಲ್ಲಾಡಿಸಬೇಕೆನಿಸಿತು.

ಭಾನುವಾರ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಕೋಲು ಆಡಿತು. ಮೊಳೆ ಸಿಕ್ಕಿದವು, ಎತ್ತಿನ ಲಾಳ ಸಿಕ್ಕಿತು, ಎಂದೋ ಕಳೆದುಹೋದ ಸಾರಿನ ಸೌಟು ಸಿಕ್ಕಿತು. ಆ ಸೌಟಿಗಾಗಿ ಕೆಲಸದ ಹೆಂಗಸಿನ ಜೊತೆ ನಾನು ಮಾಡಿದ ಜಗಳ ನೆನೆದರೆ ಈಗ ನಾಚಿಕೆ. ಕಾಸು ಮಾತ್ರ ಇಲ್ಲ. ಕೂಗಿದಾಗಲೆಲ್ಲ ನನ್ನ ಕಾಲು ತಾನಾಗಿಯೇ ಸೇತುವೆಯ ಕಡೆ ತಿರುಗುತ್ತಿತ್ತು. ಲಾಳ ನೋಡಿ ಮತ್ತೆ ಕೂರುತ್ತಿದ್ದೆ. ಉಳ್ಳಾಗಡ್ಡಿ ಬೆವರೊರೆಸಿಕೊಂಡು, "ಇಲ್ಲೇನೂ ಇದ್ದಂಗ ಕಾಣೂದಿಲ್ರಿ ಅಕ್ಕಾರ. ನನ್ನ ಬಸ್ಸಿನ ಹೊತ್ತೂ ಆಗಾಕ ಬಂತು," ಎಂದ. ಒಳಗೆ ಭಾನುವಾರದ ಊಟಕ್ಕೆ ಮಂದಿ ಬಂದು ತಾಟು ಬಾರಿಸುತ್ತಿದ್ದರು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

ಆಗ ಫೋನು ಬಂತು. ಅಳಿಯನ ದನಿ. "ಅತ್ತೀ, ಬ್ಯಾನಿ ಸುರು ಆಗ್ಯಾವು. ಆಸ್ಪತ್ರಿಗೆ ಕರಕೊಂಡು ಬಂದೀನಿ. ಬಿಪಿ ಭಾಳ ಐತಂತ. ಆಕಿ ನಿಮ್ಮನ್ನ ಬಿಟ್ರ ಬ್ಯಾರೆ ಮಾತೇ ಆಡವಲ್ಲಳು," ಎಂದ. ಹಿಂದೆ ಅನಸೂಯಾ ನರಳುವುದು ಕೇಳಿತು. ಚಿಕ್ಕವಳಿದ್ದಾಗ ಜ್ವರ ಬಂದರೆ ಹೀಗೆಯೇ ಹಲ್ಲು ಕಚ್ಚಿ ನರಳುತ್ತಿದ್ದಳು. ನಾನು ಹಿತ್ತಲ ಮಣ್ಣಿನಲ್ಲೇ ಕುಸಿದು ಕೂತೆ. ಏನು ಅಂದೆನೋ, ಯಾರನ್ನು ಬೈದೆನೋ ನೆನಪಿಲ್ಲ. ತಲೆ ಎತ್ತಿದಾಗ ಅತ್ತೆ ಹಿತ್ತಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. 

"ಒಲಿ ಕೆಳಗ ನೋಡ್ರಿ," ಎಂದಳು.

ಹಾರಿ ಎದ್ದೆ. ಬೇಳೆಯ ಪಾತ್ರೆ ಇಳಿಸಿ ಬದಿಗೆಸೆದೆ, ಕೊಡದ ನೀರು ಒಲೆಗೆ ಸುರಿದೆ. ಹೊಗೆ, ಬೂದಿ, ಮಂದಿಯ ಕೆಮ್ಮು. "ಏ ನೀಲವ್ವ, ಊಟ?" ಎಂದು ಯಾರೋ ಕೂಗಿದರು. "ನಿಮ್ಮ ನಿಮ್ಮ ಮನಿಗೆ ಹೋಗಿ ಉಣ್ರಿ!" ಎಂದೆ. ಹಾರೆಯಿಂದ ಒಲೆಯ ಗುಂಡು ಕಿತ್ತೆ, ಬಿಸಿ ಕಲ್ಲು ಸರಿಸಿದೆ. ಮೂರು ಹೊತ್ತು ಬೂದಿ ಬಳಿದು ಸಾರಿಸಿದ್ದ ಒಲೆ, ಅತ್ತೆಯ ಅತ್ತೆ ಕಟ್ಟಿದ್ದು. ಅದನ್ನೇ ಒಡೆದು ಹಾಕಿದೆ. ಉಳ್ಳಾಗಡ್ಡಿ ಕೋಲು ಆಡಿಸಿದ. ಕುಂಯ್ ಎಂದಿತು. ಅವನು ಮೊಣಕಾಲೂರಿದ. ಸುಟ್ಟು ಕೆಂಪಾದ ಮಣ್ಣಿನಲ್ಲಿ ಅವನ ಕರಣಿ ಕರಕರ ಎನ್ನುತ್ತಿತ್ತು.

"ಕೊಟ್ಟಾಕಿ ನೋಡಬಾರ್ದು. ತಿರುಗಿ ನಿಲ್ಲು," ಎಂದಳು ಅತ್ತೆ. ಹೂಳುವಾಗ ತಿರುಗಿ ನಿಲ್ಲುವುದು ನಮ್ಮಲ್ಲಿ ಪದ್ಧತಿ. ತೆಗೆಯುವಾಗಲೂ ಹಾಗೆಯೇ ಇರಬೇಕು ಎಂದುಕೊಂಡೆ. ನಾನು ಗೋಡೆಗೆ ಮುಖ ಮಾಡಿದೆ. ಹಿಂದಿನಿಂದ ಉಳ್ಳಾಗಡ್ಡಿ, "ಸಿಕ್ತು, ಸಿಕ್ತು!" ಎಂದದ್ದು ಕೇಳಿತು. "ಇಲ್ಲಿ ತಾ, ನನ್ನ ಕೈಯಾಗ ಹಾಕು," ಎಂದು ಅತ್ತೆ ಹೇಳಿದ್ದು ಕೇಳಿತು. ತಿರುಗಿದಾಗ ಅವಳ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು, ಕಣ್ಣಲ್ಲಿ ನೀರಿತ್ತು. ನನ್ನನ್ನು ಕಳಿಸುವ ದುಃಖವೆಂದುಕೊಂಡೆ. ಆ ಗಳಿಗೆಯಲ್ಲಿ ಅವಳ ಮೇಲಿನ ಸಿಟ್ಟೆಲ್ಲ ಇಳಿದುಹೋಯಿತು. ಅವಳ ಕಾಲಿಗೆ ಬಿದ್ದು, ಸಿಕ್ಕ ಎರಡು ಸೀರೆ ಚೀಲಕ್ಕೆ ತುರುಕಿ ಓಡಿದೆ. ಉಳ್ಳಾಗಡ್ಡಿಯೂ ತನ್ನ ಕೋಲು ಬಿಚ್ಚಿ ಕಟ್ಟುತ್ತ ಹಿಂದೆ ಓಡಿ ಬಂದ. ಅವನದೂ ಅದೇ ಬಸ್ಸು.

ಹುಸೇನಸಾಬ ನನ್ನ ಕೈಯ ಚೀಲ ನೋಡಿ ಎದ್ದು ನಿಂತ. "ಸಿಕ್ಕತೇನಕ್ಕ?" "ಸಿಕ್ಕತು!" ಆಚೆ ದಂಡೆಯಲ್ಲಿ ಬಸ್ಸು ಬಂದು ನಿಂತಿತ್ತು. ಓಡಿದೆ. ನಡುಗಲ್ಲು ಬಂತು. ಎಡಗಾಲು ನಿಂತಿತು.

ಕಾಲನ್ನು ಎರಡೂ ಕೈಯಿಂದ ಹಿಡಿದು ಎತ್ತಲು ನೋಡಿದೆ. ಚಪ್ಪಲಿ ಕಿತ್ತು ಬಂತು, ಕಾಲು ಬರಲಿಲ್ಲ. ಕಾಲಿಗೆ ಹೊಡೆದೆ, ಕಲ್ಲಿಗೆ ಹೊಡೆದೆ. ಉಳ್ಳಾಗಡ್ಡಿ ಆಚೆ ದಾಟಿದವನು ತಿರುಗಿ ನೋಡಿ, "ಯಾಕ್ರಿ ಅಕ್ಕಾರ, ನರ ಹಿಡೀತೇನು?" ಎಂದ. ಅವನಿಗೆ ಏನು ಹೇಳಲಿ! ಮಗಳು ಅಲ್ಲಿ ಒದ್ದಾಡುತ್ತಿದ್ದಾಳೆ, ಒಲೆ ಒಡೆದು ಬಂದಿದ್ದೇನೆ, ಇನ್ನೂ ನಾನು ಇದೇ ಕಲ್ಲಿನ ಮೇಲೆ. ಸೇತುವೆಯ ಮೇಲೆಯೇ ಕೂತು ಬಾಯಿ ಬಿಟ್ಟು ಅಳತೊಡಗಿದೆ.

ಬೆನ್ನ ಹಿಂದೆ ಊರುಗೋಲಿನ ಸದ್ದಾಯಿತು. ಅತ್ತೆ ಸಾತವ್ವ ಬರುತ್ತಿದ್ದಳು. ನನ್ನ ಪಕ್ಕಕ್ಕೆ ಬಂದು ನಿಂತಳು. ನನ್ನತ್ತ ನೋಡಲಿಲ್ಲ. ಕೋಲನ್ನು ನಡುಗಲ್ಲಿನ ಆಚೆ ಊರಿದಳು. ಆಮೇಲೆ ಒಂದು ಕಾಲು ಇಟ್ಟಳು. ಆಮೇಲೆ ಇನ್ನೊಂದು. ಬಿಸಿ ಕೆಂಡದ ಮೇಲೆ ಹೋಗುವವಳಂತೆ ಬೇಗ ಬೇಗ ನಡೆದು ಆಚೆ ದಂಡೆ ಮುಟ್ಟಿ, ಅಲ್ಲಿಯ ಮಣ್ಣನ್ನು ಕೋಲಿನಿಂದ ಕೆದಕಿ ನೋಡಿದಳು. "ಯವ್ವಾ... ದಾಟಿದೆ," ಎಂದಳು. ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಅವಳೂ ಆಚೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ನಾವ್ಯಾರೂ ಅದನ್ನು ಕೇಳಿರಲಿಲ್ಲ. ಮುದುಕಿ ಎಲ್ಲಿಗೆ ಹೋದಾಳು ಎಂದುಕೊಂಡಿದ್ದೆವು.

"ಅದು ನಿಂದೇನ?" ಎಂದು ಅರಚಿದೆ. ಅತ್ತೆ ಮುಷ್ಟಿ ಬಿಚ್ಚಿ ತೋರಿಸಿದಳು. ಕರ್ರಗೆ ಸುಟ್ಟ ತೂತಿನ ಕಾಸು. ನಾನು ಕೊಟ್ಟದ್ದು ರೂಪಾಯಿ. "ನಮ್ಮತ್ತಿ ಹೂಳಿದ್ದು," ಎಂದಳು. "ನನ್ನ ಕಡಿಂದ ಮಾತು ತಗೊಂಡ ಮರುದಿನಾನ ಹೊಸಾ ಒಲಿ ಹಾಕಿದ್ಲು. ಅಲ್ಲೇ ಐತಿ ಅಂತ ಅವತ್ತ ತಿಳೀತು. ತಿಳದು ಏನ್ ಮಾಡ್ಲಿ? ನಮ್ಮವ್ವ ಸತ್ತಾಗ ಇದ ಕಲ್ಲಿನ ಮ್ಯಾಲೆ ನಿಂತು ಅತ್ತು ಹೊಳ್ಳಿ ಹೋದೆ."

"ಮುದುಕೀ! ನನ್ನ ಮಗಳು ಅಲ್ಲಿ ಸಾಯಾಕ ಹತ್ಯಾಳ. ನಿನ್ನ ಕಾಲು ಬಿಡಿಸ್ಕೊಳ್ಳಾಕ ನನ್ನ ಕಡಿಂದ ಒಲಿ ಒಡಿಸಿದೇನ? ನಂದು ಎಲ್ಲಿ ಐತಿ ಹೇಳು!" ಉಳ್ಳಾಗಡ್ಡಿಯ ಚೀಲದ ಕಡೆ ಕೈ ಮಾಡಿ, "ತಮ್ಮಾ, ಹೋಗಬ್ಯಾಡ್ರಿ, ಕೋಲು ತಗೀರಿ!" ಎಂದೆ.

"ನಿಂದು ಎಲ್ಲೂ ಇಲ್ಲ," ಎಂದಳು ಅತ್ತೆ. "ನಾ ಹೂಳೇ ಇಲ್ಲ ನೀಲಾ. ಅವತ್ತ ರೂಪಾಯಿ ತಗೊಂಡು ಏರಿ ತನಕ ಹೋದೆ. ಕುಣಿ ಅಗದೆ. ನಮ್ಮತ್ತಿ ನನಗ ಮಾಡಿದ್ದ ನಿನಗ ಮಾಡಾಕ ಕೈ ಬರಲಿಲ್ಲ. ನಮ್ಮೂರ ಸಂತ್ಯಾಗ ಹೋಗಿ ಆ ರೂಪಾಯಿಗೆ ಗಿರಮಿಟ್ಟು ತಿಂದು ಬಂದೆ. ಅದನ್ನ ಹೇಳೋಣ ಅಂದ್ರ, ಹೇಳಾಕೂ ಬಾಯಿ ಬರಲಿಲ್ಲ. ಪಂಚಮಿಗೆ ನೀ ಹೊಂಟಿ. ಹೋತು, ಇನ್ನ ಬರೂದಿಲ್ಲ ಇಕಿ ಅಂತ ಬಾಗಿಲದಾಗ ಕೂತಿದ್ದೆ. ನೀ ಅಳಕೋತ ಹೊಳ್ಳಿ ಬಂದಿ. ಕಾಲು ನಿಂತು ಅಂದಿ. ನನಗ ದಿಗಿಲಾತು. ಹೂಳದ ಕಾಸಿಗೆ ಕಾಲು ಹ್ಯಾಂಗ ನಿಂತೀತು? ಆದ್ರ ಬಾಯಿ ಮುಚ್ಚಿಕೊಂಡೆ."

"ಯಾಕ?" ಎಂದೆ. 

"ಹೇಳಿದ್ರ ನೀ ಹೋಗಿಬಿಡ್ತಿದ್ದಿ. ನಾ ಒಬ್ಬಾಕಿ ಆ ಒಲಿ ಮುಂದ ಹ್ಯಾಂಗ ಇರ್ಲಿ?"

ಬಸ್ಸು ಹಾರ್ನ್ ಹೊಡೆಯಿತು. ಹುಸೇನಸಾಬ ಹಿಂದಿನಿಂದ, "ಅಕ್ಕಾ, ಏಳು! ಇಲ್ಲಂತಲ್ಲ, ಹೂಳೇ ಇಲ್ಲಂತ, ಏಳು!" ಎಂದು ಕೂಗುತ್ತಿದ್ದ. ನಾನು ಎಡಗಾಲನ್ನು ನೋಡಿದೆ. ಬರಿಗಾಲು, ಒಲೆಯ ಬೂದಿ ಮೆತ್ತಿತ್ತು. ಕಾಸು ಸಿಕ್ಕಿತೆಂದು ನಂಬಿದಾಗಲೂ ಬಿಡದ ಕಾಲು; ಪಡೆದವಳ ಬಾಯಿಂದಲೇ ಇಲ್ಲವೆಂದು ಬರಬೇಕಿತ್ತೇನೋ. ಎತ್ತಿದೆ. ಬಂತು. ಇಷ್ಟು ಸಲೀಸಾಗಿ ಬರುವ ಕಾಲಿಗಾಗಿ ನಾನು ತವರಿನಲ್ಲಿ ಅಣ್ಣನ ಹೆಣ ನೋಡಲಿಲ್ಲ, ಮಗಳ ಮನೆಯ ಹೊಸಿಲು ನೋಡಲಿಲ್ಲ ಎಂದು ನೆನಪಾಗಿ, ದಾಟಿದ ಸಂತೋಷವೇ ಆಗಲಿಲ್ಲ. ಮೈಯೆಲ್ಲ ಉರಿಯಿತು. ಅತ್ತೆಯ ಪಕ್ಕದಿಂದಲೇ ಹೋದೆ, ಅವಳನ್ನು ಮುಟ್ಟಲಿಲ್ಲ, ಬಸ್ಸು ಹತ್ತಿ ಕೂತೆ.

ಕಂಡಕ್ಟರು ಬಾಗಿಲು ಹಿಡಿದು ನಿಂತು, "ಆ ಅಜ್ಜಿ ನಿಮ್ಮ ಜೋಡೀನ ಏನ್ರಿ? ಒಂದೋ ಎರಡೋ?" ಎಂದು ಕೇಳಿದ. ಕಿಟಕಿಯಲ್ಲಿ ನೋಡಿದೆ. ಅತ್ತೆ ದಂಡೆಯ ಮೇಲೆ ನಿಂತು ಬಸ್ಸಿನ ಗಾಲಿಯನ್ನು ನೋಡುತ್ತಿದ್ದಳು. ಹತ್ತಲು ನನ್ನನ್ನು ಕೇಳಲಿಲ್ಲ. ತಿರುಗಿ ಹೋಗಲೂ ಇಲ್ಲ. ಹೋದರೂ ಅಲ್ಲಿ ಒಲೆ ಇರಲಿಲ್ಲ. ಒಂದು ಎಂದು ಹೇಳಲು ಬಾಯಿ ತೆರೆದೆ. ಹೇಳಿದ್ದರೆ ತಪ್ಪೆನ್ನುವವರು ಯಾರು? "ಎರಡು," ಎಂದೆ. ಉಳ್ಳಾಗಡ್ಡಿ ಇಳಿದು ಅವಳ ರಟ್ಟೆ ಹಿಡಿದು ಹತ್ತಿಸಿದ. ಅವಳು ನನ್ನ ಹಿಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ನಾನು ಒಮ್ಮೆಯೂ ತಿರುಗಲಿಲ್ಲ. ಅವಳು ಮಾತ್ರ ಪಕ್ಕದವರನ್ನು, "ಇದು ಯಾವೂರಪಾ? ಇದಕ್ಕೇನಂತಾರ?" ಎಂದು ಕೇಳುತ್ತಲೇ ಇದ್ದಳು.

ಆಸ್ಪತ್ರೆ ಮುಟ್ಟಿದಾಗ ಹೊತ್ತಿನ್ನೂ ಮುಳುಗಿರಲಿಲ್ಲ. ಹೆರಿಗೆ ಆಗಿರಲಿಲ್ಲ. ಅನಸೂಯಾ ಮಂಚದ ಕಂಬಿ ಹಿಡಿದು ಮಲಗಿದ್ದಳು, ಮುಖ ಊದಿತ್ತು. ಬಾಗಿಲಲ್ಲಿ ನನ್ನನ್ನು ಕಂಡು ನಂಬದೆ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ "ಅವ್ವಾ!" ಎಂದು ಕೈ ಚಾಚಿದಳು. ಅವಳ ಹಣೆ ನನ್ನ ಹೊಟ್ಟೆಗೆ ಒತ್ತಿಕೊಂಡೆ. ನನ್ನ ಹಿಂದೆ ಅತ್ತೆ ಒಳಗೆ ಬಂದು ಗೋಡೆಗೆ ಅಂಟಿ ನಿಂತಳು. "ಅಜ್ಜೀನೂ ಬಂದಾಳ!" ಎಂದು ಹುಡುಗಿ ನೋವಿನಲ್ಲೂ ನಕ್ಕಳು. "ಹ್ಯಾಂಗ ಬಂದಿರಿ ಅವ್ವಾ? ಕಾಸು ಸಿಕ್ಕತೇನ?"

"ನಿಮ್ಮಜ್ಜೀದು ಸಿಕ್ಕತು. ಒಲಿ ಕೆಳಗಿತ್ತು," ಎಂದೆ.

"ಮತ್ತ ನಿಂದು?"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಹೇಳಬಹುದಿತ್ತು. ಅಜ್ಜಿಯೆಂದರೆ ಜೀವ ಬಿಡುವ ಹುಡುಗಿಗೆ ಒಂದೇ ಮಾತಿನಲ್ಲಿ ಹೇಳಿ, ಇಷ್ಟು ವರ್ಷದ ಉರಿಯನ್ನು ಅಲ್ಲೇ ಸುರಿದು ಹಗುರಾಗಬಹುದಿತ್ತು. ಮತ್ತೊಂದು ನೋವು ಬಂದು ಅನಸೂಯಾ ನನ್ನ ಕೈಯನ್ನು ಉಗುರು ಇಳಿಯುವ ಹಾಗೆ ಹಿಡಿದಳು. ಅದು ಇಳಿಯುವ ತನಕ ಕಾದೆ.

"ನಂದೂ ಸಿಕ್ಕತು ಮಗಳ," ಎಂದೆ. "ಅದರ ಬಾಜೂಕನ ಇತ್ತು. ಎರಡೂ ಕೂಡೇ ಬಂದವು." ಸುಳ್ಳು ಹೇಳುವಾಗ ನನ್ನ ನಾಲಗೆ ಎಲ್ಲೂ ತಡೆಯಲಿಲ್ಲ. ಅತ್ತೆ ಮಂಚದ ಆ ತುದಿಗೆ ಹೋಗಿ ಕೂತು ಹುಡುಗಿಯ ಪಾದ ಒತ್ತತೊಡಗಿದಳು.